ಅಂಗೈ ತಟ್ಟಿದವರು

ಮಿಶಿಗನ್ ರಾಜ್ಯದ ಝೀಲೆಂಡ್ ಊರಿನ ಒಂದು ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಕ್ಕೂ ಮಾಂಸ ಇಡುವ ಫ್ರೀಜರಿಗೂ ನಡುವೆ, ವಿಲ್ಮ ಬೌಮಳ ಸೈಕಲ್ ನಿಂತಿತ್ತು. ಎಷ್ಟು ತುಳಿದರೂ ಅದು ಒಂದಂಗುಲ ಮುಂದಕ್ಕೆ ಹೋಗುವಂಥದ್ದಲ್ಲ. ಹ್ಯಾಂಡಲ್ಲಿನ ಮೇಲೆ ಒಂದು ಪರದೆ. ಬೆಳಕು ಹರಿಯುವ ಮುಂಚೆ ಅವಳು ಶೂ ಕಟ್ಟಿಕೊಂಡು ಹತ್ತಿ ಕುಳಿತರೆ, ನ್ಯೂಯಾರ್ಕಿನಲ್ಲಿ ಕುಳಿತ ಬ್ರೆನ್ನ ಎಂಬ ಹುಡುಗಿ ಪರದೆಯಲ್ಲಿ ಬಂದು ಎಲ್ಲರಿಗೂ ಶುಭೋದಯ ಹೇಳಿ ತುಳಿಸಲು ತೊಡಗುವಳು. ಅದೇ ಹೊತ್ತಿಗೆ ದೇಶದ ತುಂಬ ಎಷ್ಟೋ ನೆಲಮಾಳಿಗೆಗಳಲ್ಲಿ ಎಷ್ಟೋ ಜನ ತುಳಿಯುತ್ತಿರುವರು. ಅವರವರು ಇಟ್ಟುಕೊಂಡ ಹೆಸರುಗಳು ಪರದೆಯ ಅಂಚಿನಲ್ಲಿ ಮೇಲೆ ಕೆಳಗೆ ಸರಿಯುತ್ತಿರುವುವು. ಯಾವುದಾದರೂ ಹೆಸರನ್ನು ಬೆರಳಿನಿಂದ ಮುಟ್ಟಿದರೆ ಅವರ ಪರದೆಯಲ್ಲಿ ಒಂದು ಪುಟ್ಟ ಅಂಗೈ ಮೂಡುತ್ತದೆ; ಅಂಗೈ ತಟ್ಟುವುದೆಂದರೆ ಇದೇ. ಮುಟ್ಟಿಸಿಕೊಂಡವರು ತಿರುಗಿ ಮುಟ್ಟುವುದು ಮರ್ಯಾದೆ. ಚರ್ಚಿನ ಬಾಗಿಲಲ್ಲಿ ಎದುರಾದವರಿಗೆ ತಲೆಯಾಡಿಸಿದ ಹಾಗೆ, ಅಷ್ಟೆ.

ವಿಲ್ಮ ಮುಟ್ಟುತ್ತಿದ್ದುದು ಒಂದೇ ಹೆಸರನ್ನು. 'ಮುದಿ ಎತ್ತು'. ಅದು ಅವಳ ತಮ್ಮ ಮಾರ್ವಿನ್ ಇಟ್ಟುಕೊಂಡ ಹೆಸರು. ಅವಳು ಮುಟ್ಟಿದ ಸ್ವಲ್ಪ ಹೊತ್ತಿಗೆ, ಒಮ್ಮೊಮ್ಮೆ ಪೆಡಲ್ ಬಿಗಿ ಮಾಡಿ ಏರು ಹತ್ತುವ ಹಾಗೆ ತುಳಿಯುವಾಗ, ಒಮ್ಮೊಮ್ಮೆ ಮತ್ತೆ ಸಡಿಲ ಮಾಡಿದ ಮೇಲೆ, ಅವಳ ಹೆಸರಿನ ಪಕ್ಕದಲ್ಲೂ ಅಂಗೈ ಮೂಡುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಅಕ್ಕ ತಮ್ಮಂದಿರ ನಡುವೆ ಉಳಿದಿದ್ದ ಮಾತುಕತೆ ಅದೊಂದೇ.

ಸೈಕಲ್ ಕೊಳ್ಳುವಂತೆ ಮಾಡಿದವನೂ ಅವನೇ. ಸೋಂಕು ಹರಡಿ ಎಲ್ಲರೂ ಮನೆಯೊಳಗೆ ಕುಳಿತ ವರ್ಷ, ನೀನು ಝೀಲೆಂಡಲ್ಲಿ ತುಳಿ, ನಾನು ಕಲಾಮಜೂನಲ್ಲಿ ತುಳಿಯುತ್ತೇನೆ, ಜೊತೆಗೆ ಹೋದ ಹಾಗೆ ಆಗುತ್ತದೆ ಎಂದು ಬೆನ್ನು ಹತ್ತಿದ್ದ. ಆ ಚಳಿಗಾಲದಲ್ಲಿ ವೃದ್ಧಾಶ್ರಮದಲ್ಲಿದ್ದ ತಾಯಿಗೆ ಕಾಯಿಲೆ ಬಂತು. ಮನೆಯವರಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಊರಿನಲ್ಲೇ ಇದ್ದವಳೆಂದು ವಿಲ್ಮ ಹೋದಳು. ಇವತ್ತು ಸ್ವಲ್ಪ ಪರವಾಗಿಲ್ಲ, ನಾಳೆ ಹೇಳಿದರಾಯಿತು ಎಂದು ತಮ್ಮನಿಗೆ ಫೋನ್ ಮಾಡುವುದನ್ನು ಮುಂದೆ ಹಾಕಿದಳು. ಕೊನೆಗೆ ಮಾಡಿದಾಗ ಅವನು ಹಿಮದಲ್ಲಿ ಗಾಡಿ ಓಡಿಸಿಕೊಂಡು ಬಂದು ಕಿಟಕಿಯ ಹೊರಗೆ ನಿಂತ. ಅಷ್ಟರಲ್ಲಿ ನರ್ಸು ಒಳಗಿನಿಂದ ಪರದೆ ಎಳೆದಾಗಿತ್ತು.

ಸಮಾಧಿಯ ಬಳಿ ಅವನು ಹೇಳಿದ್ದು ಇಷ್ಟೇ: "ಅಮ್ಮನ್ನ ನೀನೊಬ್ಬಳೇ ಇಟ್ಕೊಂಡೆ ವಿಲ್ಮ. ಇಟ್ಕೋ."

ಆಮೇಲೆ ಅವನು ಫೋನ್ ಎತ್ತಲಿಲ್ಲ. ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸಲಿಲ್ಲ. ಆದರೆ ಹಿಮ ಕರಗುವ ಹೊತ್ತಿಗೆ ಒಂದು ಬೆಳಿಗ್ಗೆ, ಪರದೆಯಲ್ಲಿ ಮುದಿ ಎತ್ತು ಕಂಡಿತು. ವಿಲ್ಮ ಮುಟ್ಟಿದಳು. ಅಂಗೈ ಬಂತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಗಂಡ ಕಾರ್ನಿಗೂ. ಅಂದಿನಿಂದ ಕಾಲು ನೋವಿರಲಿ ನೆಗಡಿಯಿರಲಿ, ತಪ್ಪಿಸಿದವಳಲ್ಲ.

ಕಾರ್ನಿಗೆ ಇದೊಂದು ತಮಾಷೆಯ ವಿಷಯ. ತರಗತಿಗೆ ತಿಂಗಳು ತಿಂಗಳು ಕಟ್ಟುವ ಚಂದಾ ಹೆಚ್ಚಾದಾಗಲೆಲ್ಲ ಮೆಟ್ಟಿಲ ಮೇಲಿನಿಂದ ಕೂಗುತ್ತಿದ್ದ. "ಅಲ್ಲಾಡದ ಸೈಕಲ್‌ಗೆ ಟೋಲ್ ಕಟ್ಟೋಳು ಇಡೀ ಮಿಶಿಗನ್‌ನಲ್ಲಿ ನೀನೊಬ್ಬಳೇ ಕಣೆ."

ಚಂದಾ ಹೆಚ್ಚುತ್ತಲೇ ಇತ್ತು. ಸೈಕಲ್ ಕಂಪನಿಗೆ ಏನೋ ಆಗಿದೆ ಎಂದು ಊರೆಲ್ಲ ಮಾತಾಡುತ್ತಿತ್ತು. ಭಾನುವಾರ ಆರಾಧನೆ ಮುಗಿದು ಕಾಫಿಗೆ ನಿಂತಾಗ, ಹಿಂದೆ ಸೈಕಲ್ ಕೊಂಡವರೆಲ್ಲ ಒಂದು ಮೂಲೆ ಸೇರುವರು. ತನ್ನ ಸೈಕಲ್ ಮೇಲೆ ಈಗ ಗಂಡನ ಕೋಟು ವ್ಯಾಯಾಮ ಮಾಡುತ್ತಿದೆ ಎಂದು ಗಾಯನ ತಂಡದ ಜೆನೀವ ನಗಿಸುವಳು. ಬ್ಯಾಂಕಿನಿಂದ ನಿವೃತ್ತನಾದ ಅವಳ ಗಂಡ ನಗುತ್ತಿರಲಿಲ್ಲ. ಒಬ್ಬ ಮನುಷ್ಯ ಎಷ್ಟು ಸೈಕಲ್ ಕೊಂಡಾನು, ಒಂದು. ಅದೂ ಬೇಗ ಕೆಡುವಂಥದ್ದಲ್ಲ. ಇನ್ನು ಚಂದಾ ಒಂದೇ ಗತಿ. ಜನ ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಚಂದಾ ಕಟ್ಟುವವರು ಯಾರು ಎಂದು ಅವನು ಲೆಕ್ಕ ಬಿಡಿಸುತ್ತಿದ್ದ. ಯಾವುದೋ ದೊಡ್ಡ ಕಂಪನಿ ಕೊಳ್ಳುತ್ತದಂತೆ ಎಂದು ಒಬ್ಬರೆಂದರೆ, ಕೊಂಡವರು ಮೊದಲು ಬಾಗಿಲು ಹಾಕುವುದೇ ಇದಕ್ಕೆ ಎಂದು ಇನ್ನೊಬ್ಬರು. ಚಂದಾ ನಿಂತರೆ ಪರದೆ ಕಪ್ಪಾಗುತ್ತದೆ, ಪೆಡಲ್ ಮಾತ್ರ ತಿರುಗುತ್ತದೆ ಎಂಬ ಒಂದು ಮಾತಿಗೆ ಮಾತ್ರ ಎಲ್ಲರದೂ ಒಪ್ಪಿಗೆ.

ವಿಲ್ಮ ಕಾಫಿ ಕುಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಈ ಸುದ್ದಿ ಹಳೆಯದು. ಬ್ರೆನ್ನಳ ದನಿ ಅದನ್ನು ಎಂದೋ ಹೇಳಿತ್ತು.

ಕೇಳಿಸಿಕೊಳ್ಳುವುದು ಅವಳಿಗೆ ಮನೆಯಿಂದ ಬಂದ ಅಭ್ಯಾಸ. ಅವಳ ತಂದೆ ರಾತ್ರಿ ಊಟವಾದ ಮೇಲೆ ತಟ್ಟೆ ಎತ್ತಗೊಡದೆ ಬೈಬಲಿನ ಒಂದು ಕೀರ್ತನೆ ಓದುತ್ತಿದ್ದ. ಓದು ನಿಲ್ಲಿಸಿ ತಟ್ಟನೆ ಮಕ್ಕಳ ಕಡೆ ತಿರುಗಿ, ಕೊನೆಯ ಪದ ಯಾವುದು ಎಂದು ಕೇಳುತ್ತಿದ್ದ. ಹೇಳದವರು ಪಾತ್ರೆ ತೊಳೆಯಬೇಕು. ಹೀಗೆ ಅಕ್ಕನಿಗೂ ತಮ್ಮನಿಗೂ ಸಾಲಿನ ಕೊನೆಗೆ ಕಿವಿ ಕೊಡುವುದು ರಕ್ತದಲ್ಲೇ ಇಳಿದಿತ್ತು. ಬ್ರೆನ್ನ ತನ್ನ ಮಾತಿನ ಸಾಲಿನ ಮೊದಲಲ್ಲಿ ಎಂದಿನಂತೆ ಉತ್ಸಾಹದಿಂದ ಏರುವಳು. ಕೊನೆಯಲ್ಲಿ ಮಾತ್ರ ಅವಳ ದನಿ, ಭಾರದ ಚೀಲ ಕೆಳಗಿಡುವವರಂತೆ, ಕುಸಿಯುತ್ತಿತ್ತು. ಮೊದಲು ಅವಳ ಜೊತೆ ತರಗತಿ ನಡೆಸುತ್ತಿದ್ದ ಶಿಕ್ಷಕರು ಒಬ್ಬೊಬ್ಬರಾಗಿ ಕಾಣೆಯಾದರು. ಅವರ ಹೆಸರನ್ನು ಅವಳು ಎತ್ತುತ್ತಲೇ ಇರಲಿಲ್ಲ. ಇದನ್ನೆಲ್ಲ ಗಮನಿಸಿಯೂ ವಿಲ್ಮಳಿಗೆ ದುಃಖವಾಗಲಿಲ್ಲ. ತಾಯಿ ಹೋದಾಗಲೂ ಆಗಿರಲಿಲ್ಲ. ಒಳಗೆ ಎಲ್ಲೋ ಚಳಿಗೆ ಕೈ ಮರಗಟ್ಟಿದ ಹಾಗೆ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ.

ಎಲೆ ಉದುರುವ ಕಾಲಕ್ಕೆ ಕಂಪನಿಯಿಂದ ಸುದ್ದಿ ಬಂತು. ತಿಂಗಳ ಕೊನೆಗೆ ನೇರ ಪ್ರಸಾರದ ತರಗತಿಗಳು ನಿಲ್ಲುತ್ತವೆ. ಹಳೆಯ ತರಗತಿಗಳನ್ನು ಸದ್ಯಕ್ಕೆ ಯಾವಾಗ ಬೇಕಾದರೂ ಹಾಕಿಕೊಂಡು ತುಳಿಯಬಹುದು. ಮುಂದಿನದನ್ನು ಹೊಸ ಮಾಲೀಕರು ತಿಳಿಸುವರು. ಸದ್ಯಕ್ಕೆ ಎಂಬ ಮಾತನ್ನು ವಿಲ್ಮ ಎರಡು ಸಲ ಓದಿದಳು. ಹಳೆಯ ತರಗತಿ ಹಾಕಿಕೊಂಡರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತುಳಿಯುತ್ತಾರೆ. ಜೊತೆಗಿರುವವರು ಯಾರೂ ಇರುವುದಿಲ್ಲ. ಅಂಗೈ ಬರುವುದಿಲ್ಲ.

ಅಂದು ಅವಳು ಕಾರ್ಖಾನೆಯಲ್ಲಿ ದಿನವಿಡೀ ಕಚೇರಿ ಕುರ್ಚಿಗಳ ಹೊದಿಕೆ ಹೊಲಿದಳು. ಹೊಲಿಗೆ ಎಲ್ಲೂ ಸೊಟ್ಟ ಹೋಗಲಿಲ್ಲ. ಪಕ್ಕದ ಯಂತ್ರದವಳು ಹುಷಾರಿಲ್ಲವಾ ಎಂದು ಕೇಳಿದಳು. ಚೆನ್ನಾಗಿದ್ದೇನೆ ಎಂದಳು. ಅದು ಸುಳ್ಳೂ ಆಗಿರಲಿಲ್ಲ. ಅವಳಿಗೆ ಗೊತ್ತಿದ್ದುದು ಒಂದೇ: ತಮ್ಮನೊಂದಿಗೆ ಇರುವ ಈ ಎಳೆ ತುಂಡಾಗುವ ಮುಂಚೆ ಬೇರೆ ಒಂದನ್ನು ಕಟ್ಟದಿದ್ದರೆ, ಇನ್ನು ಅವನನ್ನು ನೋಡುವುದು ಇಬ್ಬರಲ್ಲಿ ಒಬ್ಬರ ಶವಪೆಟ್ಟಿಗೆಯ ಬಳಿಯೇ.

ಶನಿವಾರ ಮಧ್ಯಾಹ್ನ ಕಾರ್ನಿ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದಾಗ ಅವಳು ಅಡುಗೆಮನೆಯ ಫೋನಿನಿಂದ ಕಲಾಮಜೂಗೆ ಕರೆ ಮಾಡಿದಳು. ಎತ್ತುತ್ತಾನೆಂದು ಅವಳಿಗೆ ನಂಬಿಕೆಯಿತ್ತು. ಬೆಳಿಗ್ಗೆ ತಾನೇ ಅಂಗೈ ತಟ್ಟಿದವನು ಮಧ್ಯಾಹ್ನ ಫೋನ್ ಎತ್ತದೆ ಇರುತ್ತಾನೆಯೇ.

ಅವನು ಎತ್ತಿದ. ಯಾರು ಎಂದ. ವಿಲ್ಮ ಎಂದಳು. ಆ ಕಡೆ ಟಿವಿಯಲ್ಲಿ ಫುಟ್‌ಬಾಲ್ ಆಟದ ಗದ್ದಲ ನಡೆಯುತ್ತಿತ್ತು. ಅದರ ಸದ್ದು ತಗ್ಗಿತು.

ಯಾರಾದರೂ ಹೋದರಾ ಎಂದು ಅವನು ಕೇಳಿದ. ಇಲ್ಲ, ಎಲ್ಲರೂ ಇದ್ದಾರೆ ಎಂದಳು. ಮತ್ತೇನು ಎಂದ. ಆ ದನಿಯಲ್ಲಿ ದಿನಾ ಬೆಳಿಗ್ಗೆ ಜೊತೆಗಿದ್ದವನ ಪರಿಚಯ ಒಂದಿಷ್ಟೂ ಇರಲಿಲ್ಲ. ಅವಳು ತಡವರಿಸಿ, ಸೈಕಲ್ ಕಂಪನಿಯವರು ನೇರ ತರಗತಿ ನಿಲ್ಲಿಸುತ್ತಾರಂತೆ, ನೋಡಿದೆಯಾ ಎಂದಳು.

"ಯಾವ ಸೈಕಲ್ಲು?"

"ನಿಂದೇ ಕಣೋ. ಮುದಿ ಎತ್ತು."

ಅವನು ಟಿವಿ ಆರಿಸಿದ.

"ಅದನ್ನ ಅಮ್ಮ ಹೋದ ಚಳಿಗಾಲದಲ್ಲೇ ಮಾರಿಬಿಟ್ಟೆ ವಿಲ್ಮ. ಅದರ ಮೇಲೆ ಕೂತ್ರೆ ಆ ಕಿಟಕೀನೇ ಕಾಣ್ತಿತ್ತು."

ವಿಲ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಕಿಟಕಿಯಾಚೆ ಕಾರ್ನಿ ಎಲೆಯ ರಾಶಿಯನ್ನು ಚೀಲಕ್ಕೆ ತುಂಬುತ್ತಿದ್ದ. ಹಾಗಾದರೆ ದಿನಾ ತಟ್ಟುತ್ತಿದ್ದವರು ಯಾರು ಎಂದು ಕೇಳಿದಳು. ಅವನು ಹೇಳಿದ. ತಮ್ಮ ಬೀದಿಯಲ್ಲೇ ಒಡೆಸ್ಸ ಎಂಬ ಹೆಂಗಸಿದ್ದಾಳೆ, ಶಾಲೆ ಬಸ್ ಓಡಿಸುತ್ತಿದ್ದವಳು. ಸಕ್ಕರೆ ಕಾಯಿಲೆ, ಡಾಕ್ಟರು ವ್ಯಾಯಾಮ ಮಾಡು ಎಂದಿದ್ದರು. ಅವಳೇ ಕೊಂಡದ್ದು. ಚಂದಾ ಕಟ್ಟಲು ತನ್ನ ಕಾರ್ಡು ಹಾಕಿದಳು. ಹೆಸರು ಬದಲಾಯಿಸುವುದು ಹೇಗೆಂದು ಅವಳಿಗೂ ತಿಳಿಯಲಿಲ್ಲ, ಇವನಿಗೂ ಬೇಕಿರಲಿಲ್ಲ. ಎತ್ತು ಎತ್ತಾಗಿಯೇ ಉಳಿಯಿತು.

ಮೂರು ಚಳಿಗಾಲ. ವಿಲ್ಮ ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡಳು. ಗುರುತಿಲ್ಲದ ಒಬ್ಬ ಹೆಂಗಸಿನ ಬಳಿ ನಾನು ದಿನಾ ಬೆಳಿಗ್ಗೆ ಕ್ಷಮೆ ಕೇಳಿದ್ದೆ, ಅವಳು ದಿನಾ ಬೆಳಿಗ್ಗೆ ಕ್ಷಮಿಸಿದ್ದಳು. ನಗು ಬರಬೇಕಿತ್ತು, ಇಲ್ಲವೇ ಅಳು. ಎರಡೂ ಬರಲಿಲ್ಲ.

"ನೀನಂತ ಅಂದ್ಕೊಂಡಿದ್ದೆ," ಎಂದಳು.

"ಗೊತ್ತು."

ಗೊತ್ತು ಎಂದರೇನು ಎಂದು ಅವಳು ಕೇಳಲಿಲ್ಲ. ಅವನು ತಾನಾಗಿಯೇ, ಕಲ್ಲು ಹೊರುವವನಂತೆ ಒಂದೊಂದೇ ಮಾತು ಎತ್ತಿ ಇಟ್ಟ. ಮೊದಲ ವಸಂತದಲ್ಲೇ ಒಡೆಸ್ಸ ಬೇಲಿಯ ಬಳಿ ನಿಲ್ಲಿಸಿ ಕೇಳಿದ್ದಳು. ಯಾರೋ ವಿಲ್ಮ ಅಂತೆ, ದಿನಾ ತಪ್ಪದೆ ಅಂಗೈ ತಟ್ಟುತ್ತಾಳೆ, ನಿಮ್ಮವರೇ ಇರಬೇಕು, ನಾನು ಏನು ಮಾಡಲಿ ಎಂದು. ಇವನು ಬೇಲಿ ಹಿಡಿದುಕೊಂಡು ನಿಂತಿದ್ದ. ಇದು ಮಾರ್ವಿನ್ ಅಲ್ಲ ಎಂದು ಬರೆದು ತಿಳಿಸು ಎನ್ನಬಹುದಿತ್ತು. ಎನ್ನಲಿಲ್ಲ.

"ನಂಗೆ ತಟ್ಟೋ ಮನಸ್ಸಿರ್ಲಿಲ್ಲ. ಅವಳು ತಟ್ತೀನಿ ಅಂದ್ಲು. ತಟ್ಟಮ್ಮ ಅಂದೆ."

"ಅಷ್ಟೇನಾ?"

"ಆಗಾಗ ಕೇಳ್ತಿದ್ದೆ. ಇವತ್ತೂ ಬಂದಿದ್ಲಾ ಅಂತ. ಬಂದಿದ್ಲು ಅನ್ನೋಳು."

ವಿಲ್ಮಳಿಗೆ ಹೇಳಬೇಕಾದ್ದು ಒಂದಿತ್ತು. ಅದನ್ನು ಮೂರು ವರ್ಷ ಬೆರಳ ತುದಿಯಲ್ಲೇ ಹೇಳಿ ಮುಗಿಸಿದ್ದೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಅದನ್ನು ಹೇಳಿಯೇ ಇರಲಿಲ್ಲ. ಬಾಯಲ್ಲಿ ಹೇಳಬೇಕಿತ್ತು.

"ನಾನು ಹಿಂದಿನ ದಿನವೇ ಫೋನ್ ಮಾಡ್ಬೇಕಿತ್ತು ಮಾರ್ವ್. ಎಲ್ಲರಿಗೂ ಇವತ್ತೇ ತಿಳಿಸಿಬಿಡಿ ಅಂತ ಡಾಕ್ಟ್ರು ಹೇಳಿದ್ರು. ಅಮ್ಮ ನನ್ನ ಕೈ ಹಿಡ್ಕೊಂಡು ಮಲಗಿದ್ಲು. ಆ ಒಂದು ರಾತ್ರಿ ಯಾರೂ ಬರೋದು ಬೇಡ ಅನ್ನಿಸ್ತು ನಂಗೆ."

ಹೊರಗೆ ಕಾರ್ನಿ ಚೀಲದ ಬಾಯಿ ಕಟ್ಟಿ, ಇನ್ನೊಂದು ಬಿಡಿಸಿದ. ಬಹಳ ಹೊತ್ತಾದ ಮೇಲೆ ಮಾರ್ವಿನ್, ಆಯ್ತು, ಎಂದ. ಯಾವುದಕ್ಕೆ ಆಯ್ತು ಎಂಬುದು ಅವಳಿಗೆ ತಿಳಿಯಲಿಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಫೋನ್ ಮಾಡಲೇ ಎಂದು ಕೇಳಿದಳು.

"ಎತ್ತೋದು ಗ್ಯಾರಂಟಿ ಇಲ್ಲ."

"ಎತ್ತಬೇಡ. ಬಡ್ಕೊಳ್ತಾ ಇರ್ಲಿ."

ಅವನು ಫೋನ್ ಇಟ್ಟ.

ತಿಂಗಳ ಕೊನೆಯ ನೇರ ತರಗತಿಯಲ್ಲಿ ಬ್ರೆನ್ನ ಒಬ್ಬೊಬ್ಬರ ಹೆಸರು ಕರೆದು ಕೃತಜ್ಞತೆ ಹೇಳಿದಳು. ಕಂಪನಿಯ ಬಗ್ಗೆ ಏನನ್ನೂ ಹೇಳಲಿಲ್ಲ. ಹೇಳಕೂಡದೆಂದು ಆಜ್ಞೆಯಾಗಿದ್ದಿರಬೇಕು. ಮುದಿ ಎತ್ತು ಬಂದಿತ್ತು, ನಿಧಾನವಾಗಿ, ಪಟ್ಟಿಯ ತೀರ ಕೆಳಗೆ. ಸಕ್ಕರೆ ಕಾಯಿಲೆಯ ಕಾಲುಗಳು ಎಂದು ವಿಲ್ಮ ಮೊದಲ ಸಲ ಯೋಚಿಸಿದಳು. ಮುಟ್ಟಿದಳು. ತಿರುಗಿ ಬಂತು. ತರಗತಿ ಮುಗಿದು ಪರದೆಯ ಮೇಲೆ ಹಳೆಯ ತರಗತಿಗಳ ಚಿತ್ರಗಳು ಸಾಲಾಗಿ ನಿಂತವು, ಎಲ್ಲದರಲ್ಲೂ ನಗುವ ಬ್ರೆನ್ನ. ವಿಲ್ಮ ಇಳಿದು, ಬೆವರು ಒರೆಸಿಕೊಂಡು, ಒಗೆಯುವ ಯಂತ್ರಕ್ಕೆ ಬಟ್ಟೆ ತುಂಬಿದಳು.

ಅದಕ್ಕೂ ಮುಂಚೆ ಬಂದ ಭಾನುವಾರಗಳಲ್ಲಿ ಅವಳು ಫೋನ್ ಮಾಡಿದ್ದಳು. ಮೊದಲನೆಯ ಭಾನುವಾರ ಬಡಿದುಕೊಂಡು ನಿಂತಿತು. ಎರಡನೆಯದೂ ಹಾಗೇ. ನಿನ್ನ ತಮ್ಮ ಅಷ್ಟು ಸುಲಭಕ್ಕೆ ಬಗ್ಗೋನಲ್ಲ, ತಟ್ಟೆಗೆ ಬಡಿಸು ಎಂದು ಕಾರ್ನಿ ಒಳಗಿನಿಂದ ಕೂಗಿದ. ಅವನಿಗೆ ಈಗ ಎಲ್ಲ ಗೊತ್ತಿತ್ತು. ಸೈಕಲ್ಲಿನ ವಿಷಯದಲ್ಲಿ ತಮಾಷೆ ಮಾಡುವುದನ್ನು ಬಿಟ್ಟಿದ್ದ. ಚಂದಾ ನಿಲ್ಲಿಸೋಣವೇ ಎಂದು ಒಮ್ಮೆ ಮೆಲ್ಲಗೆ ಕೇಳಿದ. ನೋಡೋಣ ಎಂದಳು. ಹೊಸ ಮಾಲೀಕರು ಇನ್ನೂ ಏನೂ ತಿಳಿಸಿರಲಿಲ್ಲ.

ಕೊನೆಯ ತರಗತಿಯಾದ ಮೇಲಿನ ಭಾನುವಾರ ಫೋನ್ ಬಡಿದುಕೊಂಡು, ಇನ್ನೇನು ಇಡಬೇಕು ಎನ್ನುವಾಗ ಎತ್ತಿದ ಸದ್ದಾಯಿತು. ಅಲ್ಲಿ ಪಾತ್ರೆಯ ಮೇಲೆ ಚಮಚ ತಾಗಿತು. ಅವನು ಊಟಕ್ಕೆ ಕುಳಿತಿದ್ದ, ಒಬ್ಬನೇ.

"ಊಟಕ್ಕೆ ಏನು ಮಾಡಿದೀಯ?" ಎಂದ ಕೊನೆಗೆ.

"ಮಾಂಸದ ರೋಸ್ಟು. ಚರ್ಚಿಗೆ ಹೋಗೋ ಮುಂಚೆ ಒಲೆಗಿಟ್ಟಿದ್ದೆ."

"ಅಮ್ಮನ ಥರಾನಾ?"

"ಹ್ಞೂಂ."

"ಉಪ್ಪು ಕಮ್ಮಿ ಹಾಕಿರ್ತೀಯ."

ಹಾಕಿದ್ದಳು. ಹೌದು ಎಂದಳು. ಅವನು ಅಗಿಯುವ ಸದ್ದು ಕೇಳುತ್ತಿತ್ತು. ವಿಲ್ಮ ಕುರ್ಚಿ ಎಳೆದುಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ತನ್ನ ತಟ್ಟೆಗೆ ಬಡಿಸಿಕೊಂಡಳು.