ಎರಡನೆಯ ಪಾದ

ರಬ್ಬರಿನ ಸುರುಳಿ ಚಾಕುವಿನ ಬಾಯಿಂದೆದ್ದು ಮಣಿಕಟ್ಟಿನ ಮೇಲೆ ಬಿತ್ತು, ಬೆಚ್ಚಗಿದೆ, ಕೊರೆದಾಗ ರಬ್ಬರು ಬೆಚ್ಚಗಾಗುತ್ತದೆಂದು ಮೂವತ್ತು ವರ್ಷದಿಂದ ಗೊತ್ತು, ಯಾಕೆ ಎಂದು ಮಾತ್ರ ಇವತ್ತಿಗೂ ಗೊತ್ತಿಲ್ಲ, ಯಾರನ್ನಾದರೂ ಕೇಳಬೇಕು — ಹೆಬ್ಬೆರಳು ಮುಗಿಯಿತು, ಇನ್ನು ನಾಲ್ಕು, ಇಷ್ಟು ಚಿಕ್ಕ ಬೆರಳು ನಾನು ಯಾವತ್ತೂ ಕೊರೆದಿಲ್ಲ, ಕೆಲಸದಲ್ಲಿ ನನ್ನ ಮೇಜಿಗೆ ಬರುವುದೆಲ್ಲ ದೊಡ್ಡವರ ಕಾಲು, ಒಂದು ಉದ್ದ ಒಂದು ಗಿಡ್ಡ, ಬೆರಳು ಕಳೆದುಕೊಂಡವು, ಅಂಗಡಿಯ ಯಾವ ಬೂಟಿಗೂ ಒಗ್ಗದವು, ಅಂಥವಕ್ಕೆ ಅಳತೆ ತೆಗೆದು ಬೂಟು ಹೊಲಿಯುವವಳು ನಾನು, ಮುಖ ಮರೆಯುತ್ತೇನೆ, ಕಾಲು ಮರೆಯುವುದಿಲ್ಲ, ಬಸ್ಸಿನಲ್ಲಿ ಯಾರಾದರೂ ಚೆನ್ನಾಗಿದೀರಾ ಅಂದರೆ ಮೊದಲು ಕೆಳಗೆ ನೋಡುತ್ತೇನೆ, ಓ ನೀವಾ, ಎಡಗಾಲಿನ ಹಿಮ್ಮಡಿ, ಈಗ ನೋವಿಲ್ಲ ತಾನೆ — ಆದರೆ ಇವು ತಂಗಿಯ ಮಕ್ಕಳ ಪಾದ, ಅವಳಿ ಹೆಣ್ಣು, ಹುಟ್ಟಿ ಒಂಬತ್ತು ದಿನ, ಇಬ್ಬರ ನಡುವೆ ಹನ್ನೊಂದು ನಿಮಿಷ, ಆ ಹನ್ನೊಂದು ನಿಮಿಷಕ್ಕೇ ಒಬ್ಬಳು ದೊಡ್ಡೋಳು ಒಬ್ಬಳು ಚಿಕ್ಕೋಳು ಆಗಿಬಿಟ್ಟರು, ನಾನಿನ್ನೂ ನೋಡಿಲ್ಲ, ಹಾಳು ನೆಗಡಿ, ಸೀನುವವರನ್ನು ಆಸ್ಪತ್ರೆಯವರು ಬಾಗಿಲಲ್ಲೇ ತಡೆಯುತ್ತಾರೆ, ನನಗೆ ಬಂದಿರುವುದು ಈ ಕಾಗದ ಒಂದೇ, ಒಂದು ಅಂತ ಬರೆದು ಅದರ ಕೆಳಗೆ ಎಡಪಾದ, ಎರಡು ಅಂತ ಬರೆದು ಅದರ ಕೆಳಗೆ ಬಲಪಾದ, ಕಪ್ಪು ಮಸಿಯಲ್ಲಿ ಒತ್ತಿದ್ದು, ಇವನ್ನು ರಬ್ಬರಿನಲ್ಲಿ ಕೊರೆದು ಅಚ್ಚು ಮಾಡಿ ಮೂವತ್ತಾರು ಕಾರ್ಡಿಗೆ ಒತ್ತಬೇಕು, ಕೆಳಗೆ ನನ್ನ ಕೈಬರಹದಲ್ಲಿ ಎರಡೇ ಪದ, ನಾವು ಬಂದಿದ್ದೇವೆ. ಬಸುರಿಯಾದಾಗಲೇ ತಂಗಿ ಹೇಳಿದ್ದಳು, ಅಂಗಡಿ ಕಾರ್ಡು ಬೇಡ ಅಕ್ಕ, ನಿನ್ನ ಕೈಯಲ್ಲೇ ಆಗ್ಬೇಕು, ಅವರ ಕಾಲೇ ಇರಲಿ, ಮುಖ ಎಲ್ಲರೂ ಹಾಕ್ತಾರೆ.

ಮುಂದಿನ ಬೆರಳು ಯಾಕೆ ಇಷ್ಟು ಉದ್ದ, ಹೆಬ್ಬೆರಳನ್ನೂ ದಾಟಿದೆ, ಇದು ನಮ್ಮ ಮನೆಯದಲ್ಲ, ತಂಗಿಯ ಗಂಡನ ಕಡೆಯದಿರಬೇಕು, ಅವನು ಕಾರು ಕಲಿಸುವವನು, ಕುರ್ಚಿಯಲ್ಲಿ ಕೂತರೂ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ, ನಿನ್ನೆ ಈ ಕಾಗದ ತಂದವನು ಒಳಗೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತು, ಅಕ್ಕ, ಸ್ವಲ್ಪ ದಿನ ಕಾಯೋಣ್ವಾ, ಚಿಕ್ಕೋಳು ಮನೆಗೆ ಬಂದ್ಮೇಲೆ ಕಳಿಸಿದ್ರಾಯ್ತು ಅಂದ, ಕಾರ್ಡು ಮಾಡಿಡ್ತೀನಿ, ಕಳಿಸೋದು ನಿಮ್ಮಿಷ್ಟ ಅಂದೆ — ಈಗ ಎರಡನೆಯ ಪಾದ, ಕೈವಾರದ ಒಂದು ಮೊನೆ ಹಿಮ್ಮಡಿಗೆ, ಇನ್ನೊಂದು ಉದ್ದನೆಯ ಬೆರಳಿನ ತುದಿಗೆ, ಆರೂವರೆ ಸೆಂಟಿಮೀಟರ್, ಅರೆ, ದೊಡ್ಡೋಳದೂ ಆರೂವರೆ, ಮತ್ತೆ ಇಡುತ್ತೇನೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಇದೇನು ಸೋಜಿಗ, ದೊಡ್ಡೋಳು ಒಂದೂಮುಕ್ಕಾಲು ಕಿಲೋ, ಚಿಕ್ಕೋಳು ಒಂದು ಕಿಲೋ ಮೇಲೆ ಒಂದು ಚೂರು, ತೂಕದಲ್ಲಿ ಅಷ್ಟು ಅಂತರವಿದ್ದು ಪಾದ ಹೇಗೆ ಒಂದೇ ಆಯಿತು, ತಿಂದದ್ದೆಲ್ಲ ಕಾಲಿಗೇ ಹೋಯಿತೇನೇ ಪುಟ್ಟಿ ಎಂದು ಒಬ್ಬಳೇ ನಗುತ್ತೇನೆ, ಭೂತಗನ್ನಡಿ ಎಲ್ಲಿ, ಹಾಂ, ಕಿರುಬೆರಳು ಒಳಗೆ ಮಡಿಚಿದೆ, ಅದರಲ್ಲೂ ಮಡಿಚಿತ್ತು, ಹಿಮ್ಮಡಿಯ ಒಳಬದಿ ಚಪ್ಪಟೆ, ಅದರಲ್ಲೂ ಚಪ್ಪಟೆ, ಕಾಗದವನ್ನು ಮಧ್ಯಕ್ಕೆ ಮಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ, ಒಂದರ ಮೇಲೊಂದು ಕೂತುಬಿಟ್ಟಿತು, ಅವಳಿಗಳು ತಾನೆ, ಇರಬಹುದು, ಆದರೆ ಅಳತೆ — ಒಬ್ಬಳ ಎಡಗಾಲು, ಇನ್ನೊಬ್ಬಳ ಬಲಗಾಲು, ಯಾಕೆ ಹಾಗೆ ತೆಗೆದರು — ಅಯ್ಯೋ, ಇದು ಜೋಡಿ, ಇಬ್ಬರದಲ್ಲ, ಒಬ್ಬಳದೇ ಎಡ ಮತ್ತು ಬಲ, ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ನನ್ನ ಕಣ್ಣಿಗೆ ಬಿತ್ತು, ಹಾಗಾದರೆ ಚಿಕ್ಕೋಳ ಪಾದ ಎಲ್ಲಿ, ಚಿಕ್ಕೋಳು ಎಲ್ಲಿ, ನನ್ನಿಂದ ಏನಾದರೂ ಮುಚ್ಚಿಟ್ಟಿದ್ದಾರಾ, ತಂಗಿಗೆ ಫೋನು ಮಾಡಲು ಧೈರ್ಯ ಸಾಲದೆ ಅವಳ ಗಂಡನಿಗೆ ಮಾಡಿದೆ, ಕ್ಲಚ್ಚು ನಿಧಾನಕ್ಕೆ ಬಿಡಿ ಮೇಡಂ, ನಿಧಾನ, ಹಾಂ ಅಕ್ಕ ಹೇಳಿ, ಎಂದ, ಎರಡೂ ದೊಡ್ಡೋಳ ಕಾಲು ಅಲ್ವೇನಪ್ಪ ಅಂದೆ, ಗಾಡಿ ಪಕ್ಕಕ್ಕೆ ಹಾಕಿ ಮೇಡಂ ಅಂದ, ಕಾರಿನ ಬಾಗಿಲು ತೆಗೆದು ಹಾಕಿದ ಸದ್ದು ಕೇಳಿತು. ಚಿಕ್ಕೋಳು ಇದಾಳೆ ತಾನೆ? ಇದಾಳೆ ಅಕ್ಕ, ಇದಾಳೆ, ಒಂದು ಕಾಲಿಗೆ ಸೂಜಿ ಹಾಕಿದಾರೆ, ಇನ್ನೊಂದಕ್ಕೂ ಮಸಿ ಹಚ್ಚೋ ಹಾಗಿಲ್ಲ ಅಂದ್ರು ನರ್ಸು, ನಿಮ್ಮ ತಂಗಿಗೆ ಹೇಳೋಕೆ ಬಾಯೇ ಬರ್ಲಿಲ್ಲ, ದೊಡ್ಡೋಳ್ದೇ ಇನ್ನೊಂದು ಕಾಲು ಒತ್ತಿಸ್ಕೊಂಡು ಬಂದೆ, ಯಾರಿಗೆ ಗೊತ್ತಾಗುತ್ತೆ ಅಂತ. ನನಗೆ ಗೊತ್ತಾಗುತ್ತಪ್ಪ. ಅದನ್ನೇ ಮರ್ತಿದ್ದೆ ಅಕ್ಕ, ಅಂದ, ಕಾಯೋಣ ಅಂದಿದ್ದೂ ಅದಕ್ಕೇ, ಇಬ್ಬರು ಅಂತ ಊರಿಗೆಲ್ಲ ಹೇಳ್ಬಿಟ್ಟು ಆಮೇಲೆ — ಅಷ್ಟಕ್ಕೇ ನಿಲ್ಲಿಸಿದ.

ಬೆಳಿಗ್ಗೆಯಿಂದ ಒಂದೂ ಸೀನಿಲ್ಲ, ಪೆನ್ಸಿಲು ಕಾಗದ ಚೀಲಕ್ಕೆ ಹಾಕಿಕೊಂಡು ಹೊರಟೆ, ಬಸ್ಸಿನಲ್ಲಿ ಎಲ್ಲರ ಕಾಲೂ ನೋಡುತ್ತಾ, ಇವರೆಲ್ಲ ಒಂದು ಕಾಲಕ್ಕೆ ಎಷ್ಟು ಸೆಂಟಿಮೀಟರ್ ಇದ್ದರೋ, ಯಾರು ಅಳೆದಿದ್ದರೋ, ಆಸ್ಪತ್ರೆಯ ಮೂರನೆಯ ಮಹಡಿ, ಕೈ ಮೊಣಕೈವರೆಗೆ ತೊಳೆಯಿರಿ, ತೊಳೆದೆ, ತಂಗಿ ಒರಗುಕುರ್ಚಿಯಲ್ಲಿ ದೊಡ್ಡೋಳನ್ನು ಎದೆಗೆ ಹಾಕಿಕೊಂಡು ಕೂತಿದ್ದಾಳೆ, ತಲೆ ಬಾಚಿಲ್ಲ, ಕಣ್ಣು ಮಾತ್ರ ಚುರುಕಾಗಿದೆ, ನಾನು ಏನು ಹೇಳಲಿ, ಹೇಗೆ ಶುರು ಮಾಡಲಿ ಎಂದು ತಡವರಿಸುತ್ತಿರುವಾಗಲೇ, ಕಾಲಿನ ವಿಷಯಾನಾ ಅಕ್ಕ ಅಂದಳು. ನಿಂಗೆ ಹೇಗೆ ಗೊತ್ತು? ದೊಡ್ಡೋಳ ಎರಡು ಕಾಲಲ್ಲೂ ಮಸಿ ಇತ್ತಲ್ಲ, ಒರೆಸಿದ್ದು ನಾನೇ ತಾನೆ. ಮತ್ತೆ ಸುಮ್ನಿದ್ಯಲ್ಲೇ? ಅವರು ನಂಗೆ ಧೈರ್ಯ ಇರ್ಲಿ ಅಂತ ಸುಳ್ಳು ಹೇಳಿದ್ರು, ಅವರಿಗೆ ಧೈರ್ಯ ಇರ್ಲಿ ಅಂತ ನಾನು ನಂಬಿದೆ, ಅಂದು ದೊಡ್ಡೋಳ ಟೋಪಿ ಸರಿ ಮಾಡಿದಳು, ಒಳ್ಳೆ ಗಂಡ ಹೆಂಡತಿ ನೀವು, ನಾನು ಗದರಬೇಕೆಂದುಕೊಂಡಿದ್ದು ನಗುವಾಗಿ ಹೋಯಿತು, ಕಾರ್ಡು ಕಳಿಸೋಕೆ ಕಾಯೋಣ್ವಾ ಅಂತ ಕೇಳಿದೆ, ಆಗ ಅವಳು ನನ್ನ ಮುಖ ನೋಡಿದಳು, ಚಿಕ್ಕಂದಿನಲ್ಲಿ ಜಗಳಕ್ಕೆ ಮೊದಲು ನೋಡುತ್ತಿದ್ದ ಹಾಗೆ, ಹುಟ್ಟಿದಾಳೆ ಅಕ್ಕ, ಅವಳು ಹುಟ್ಟಿದಾಳೆ, ಅಷ್ಟು ಹೇಳೋಕೆ ಯಾಕೆ ಕಾಯ್ಬೇಕು, ನಾಳೆ ಏನಾಗುತ್ತೆ ಅಂತ ಕಾರ್ಡಲ್ಲಿ ಯಾರಾದ್ರೂ ಬರೀತಾರಾ? ಪೆನ್ಸಿಲು ಕಾಗದ ಹಿಡಿದು ಚಿಕ್ಕೋಳ ಕೋಣೆಗೆ ಹೊರಟೆ. ಐದೇ ನಿಮಿಷ ಅಂದರು ನರ್ಸಮ್ಮ, ಪೆಟ್ಟಿಗೆ ಹೊರಗಿಂದ ಮುಟ್ಟಿ, ಮಗೂನ ಮುಟ್ಟೋ ಹಾಗಿಲ್ಲ.

ಬಿಸಿಯಾದ, ಸದ್ದಿಲ್ಲದ ಕೋಣೆ, ಮಗುವನ್ನು ಬೆಚ್ಚಗಿಡುವ ಪಾರದರ್ಶಕ ಪೆಟ್ಟಿಗೆಯೊಳಗೆ ಅವಳು, ಇಷ್ಟೇನಾ, ಇಷ್ಟೇ, ಎದೆ ಎಷ್ಟು ಬೇಗ ಏರಿಳಿಯುತ್ತಿದೆ, ಎಡಗಾಲಿಗೆ ಸೂಜಿ, ಅದರ ಸುತ್ತ ಬಿಳಿ ಪಟ್ಟಿ, ಬಲಗಾಲು ಖಾಲಿ, ನಾನು ಬಗ್ಗಿ ಅದನ್ನೇ ನೋಡಿದೆ, ಇವಳದು ದೊಡ್ಡೋಳ ಪಾದದಂತೆ ಅಲ್ಲವೇ ಅಲ್ಲ, ಹೆಬ್ಬೆರಳೇ ಉದ್ದ, ಕಿರುಬೆರಳು ನೆಟ್ಟಗೆ ಹೊರಗೆ, ಯಾರ ಮಾತೂ ಕೇಳದ ಹಾಗೆ, ಹಿಮ್ಮಡಿ ಸಣ್ಣ, ಯಾರದಿದು, ನಮ್ಮಮ್ಮನದಾ, ನನ್ನದಾ, ಬೂಟಿನೊಳಗೆ ನನ್ನ ಬೆರಳು ಹೇಗಿವೆ ಎಂದು ನನಗೇ ನೆನಪಾಗುತ್ತಿಲ್ಲ, ಪೆನ್ಸಿಲು ಓಡುತ್ತಿದೆ, ಅಳತೆ ಹೇಗೆ ತೆಗೆಯುವುದು ಮುಟ್ಟದೆ, ಅಂದುಕೊಳ್ಳುವಷ್ಟರಲ್ಲಿ ಅವಳು ಕಾಲು ಚಾಚಿದಳು, ಪಾದ ಪೆಟ್ಟಿಗೆಯ ಗೋಡೆಗೆ ತಗಲಿ ಒತ್ತಿತು, ಒತ್ತಿದ ಜಾಗವೆಲ್ಲ ಬೆಳ್ಳಗಾಯಿತು, ಹಿಮ್ಮಡಿ, ಅಂಗಾಲಿನ ಅಂಚು, ಐದು ಚುಕ್ಕೆ, ಮಸಿಯಿಲ್ಲದೆ ತಾನೇ ಅಚ್ಚು ಹಾಕಿ ತೋರಿಸಿದ ಹಾಗೆ, ಹೊರಗಿನಿಂದ ನನ್ನ ತೋರುಬೆರಳು ಪಕ್ಕಕ್ಕೆ ಇಟ್ಟೆ, ಸರಿಯಾಗಿ ಎರಡು ಗೆಣ್ಣು, ಐದು ಸೆಂಟಿಮೀಟರ್, ನಿನ್ನೆಗಿಂತ ಮೂವತ್ತು ಗ್ರಾಂ ಜಾಸ್ತಿ ಆಗಿದಾಳೆ ಅಂದರು ಹಿಂದೆ ನಿಂತಿದ್ದ ನರ್ಸಮ್ಮ, ಒಂದು ಜೊತೆ ಬೂಟುಲಾಡಿಯ ತೂಕ ಅದು, ಅಷ್ಟೇ, ಅಷ್ಟಾದರೂ.

ಮಧ್ಯಾಹ್ನ ಮನೆಗೆ ಬಂದು ಕೊರೆದೆ, ಊಟದ ನೆನಪಾಗಲಿಲ್ಲ, ಪಾಠ ಮುಗಿಸಿಕೊಂಡು ತಂಗಿಯ ಗಂಡನೂ ಬಂದ, ಈ ಸಲ ಒಳಗೆ ಬಂದು ಮೇಜಿನ ಎದುರು ಕೂತ, ಅವಳಿಗೆ ಮೊದಲೇ ಗೊತ್ತಿತ್ತಂತೆ ಅಂದೆ, ಗೊತ್ತಾಯ್ತು ಅಕ್ಕ, ಫೋನಲ್ಲಿ ಚೆನ್ನಾಗಿ ಬೈದಳು, ಅನ್ನುವಾಗ ಅವನ ಭುಜ ಹಗುರಾಗಿತ್ತು, ಹೊಸ ಅಚ್ಚನ್ನು ಅಂಗೈಯಲ್ಲಿಟ್ಟು ನೋಡಿದ, ದೊಡ್ಡೋಳದನ್ನು ನೀವು ಒತ್ತಿ ಅಕ್ಕ, ಇದನ್ನ ನಾನೇ ಒತ್ತುತ್ತೀನಿ ಅಂದ, ಮೂವತ್ತಾರು ಸಲ ಒತ್ತಿದ, ಒಂದೂ ಸೊಟ್ಟಗಾಗಲಿಲ್ಲ, ಆರೂವರೆಯ ಪಕ್ಕದಲ್ಲಿ ಐದು, ನಾಳೆ ಅಂಚೆಗೆ ಹಾಕ್ತೀನಿ ಎಂದು ಎಲ್ಲ ಕಟ್ಟಿಕೊಂಡು ಹೋದ, ಈಗ ಮೇಜು ಖಾಲಿ, ಕೈ ತೊಳೆಯಬೇಕು, ನಾಳೆ ಕೆಲಸಕ್ಕೆ ಮೂರು ಜೊತೆ ಬಾಕಿ ಇದೆ, ಅದರಲ್ಲಿ ಒಂದು — ಯಾವುದು — ಆ ಪಾದ ಗೋಡೆಗೆ ಒತ್ತಿದಾಗ ಬಿಳಿ, ಬಿಟ್ಟಾಗ ನೆತ್ತರು ತಿರುಗಿ ಬಂದು ಕೆಂಪು, ಐದು ಬೆರಳಿಗೂ ಒಟ್ಟಿಗೆ ಅಲ್ಲ, ಹೆಬ್ಬೆರಳಿಗೆ ಮೊದಲು, ಕಿರುಬೆರಳಿಗೆ ಕೊನೆಗೆ — ನಲ್ಲಿ ತಿರುಗಿಸಬೇಕು — ಮತ್ತೆ ಒತ್ತಿದಳು, ಬಿಳಿ, ಬಿಟ್ಟಳು, ಹೆಬ್ಬೆರಳು ಕೆಂಪು, ಅದರ ಪಕ್ಕದ್ದು, ಅದರ ಪಕ್ಕದ್ದು, ಇನ್ನೊಂದು, ಕಿರುಬೆರಳು ಇನ್ನೂ ಬಿಳಿ, ಇನ್ನೂ ಬಿಳಿ, ಇನ್ನೂ — ಹಾಂ, ಕೆಂಪು.