ಮ್ಯಾನೇಜರ್ ಊಟ ಬಿಟ್ಟ ದಿನಗಳು

ಪ್ರಾಣಿಗಳ ಆಶ್ರಯಧಾಮದ ಕಬ್ಬಿಣದ ಗೂಡುಗಳ ಸಾಲಿನಲ್ಲಿ ಟೈಲರಕ್ಕ ತನ್ನ ತಮ್ಮನ ಬೆಕ್ಕನ್ನು ಗುರುತಿಸಲಿಲ್ಲ. ಎರಡು ಸಲ ಅದರ ಮುಂದೆಯೇ ಹಾದುಹೋದಳು. ಅವಳು ಕಂಡಿದ್ದದ್ದು ತಮ್ಮನ ಸೋಫಾದ ನಟ್ಟನಡುವೆ ಕಾಲು ಚಾಚಿ ಮಲಗುತ್ತಿದ್ದ, ಬಂದವರನ್ನು ಅರೆಗಣ್ಣಲ್ಲಿ ನೋಡಿ ಮತ್ತೆ ಕಣ್ಣು ಮುಚ್ಚುತ್ತಿದ್ದ ಬೂದು ಬಣ್ಣದ ದಢೂತಿ ಬೆಕ್ಕನ್ನು. ತಾನು ಒಂದು ಕಡ್ಡಿಯನ್ನೂ ಎತ್ತಿಡದೆ ಎಲ್ಲರ ಕೆಲಸದ ಮೇಲೂ ಕಣ್ಣಿಡುತ್ತದೆಂದು ತಮ್ಮ ಅದಕ್ಕೆ ಮ್ಯಾನೇಜರ್ ಎಂದು ಹೆಸರಿಟ್ಟಿದ್ದ. ಈಗ ಗೂಡಿನ ಮೂಲೆಯಲ್ಲಿ, ಗಲೀಜಿಗೆಂದು ಇಟ್ಟಿದ್ದ ಮಣ್ಣಿನ ಟ್ರೇಯೊಳಗೇ ಮುದುಡಿ ಕೂತಿದ್ದದ್ದು ಮೂಗು ಸೋರುವ, ಕಣ್ಣು ಅಂಟಿಕೊಂಡ, ಬೆನ್ನಿನ ಮೂಳೆ ಎದ್ದು ಕಾಣುವ ಒಂದು ಪ್ರಾಣಿ.

"ನಾಯಿ ಬೊಗಳೋದು ಕೇಳಿ ಕೇಳಿ ಕುಗ್ಗಿಹೋಗಿದೆ ಮೇಡಂ. ಮೇಲಿಂದ ನೆಗಡಿ ಬೇರೆ," ಎಂದಳು ಬೀಗ ತೆಗೆದ ಹೆಂಗಸು. "ಮೂರು ವಾರದಿಂದ ನಾವೂ ಕೈಲಾದಷ್ಟು ನೋಡ್ಕೊಂಡ್ವಿ."

ಮೂರು ವಾರ ಎಂಬುದನ್ನು ಟೈಲರಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವ ತಮ್ಮ ಏಣಿಯಿಂದ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ ದಿನ, ಅವನ ಮನೆಯ ಓನರ್ ಅವಳಿಗೇ ಫೋನ್ ಮಾಡಿ ಬೆಕ್ಕನ್ನು ಏನು ಮಾಡುವುದೆಂದು ಕೇಳಿದ್ದರು. "ನನ್ನ ಮನೆ ತುಂಬಾ ಗಿರಾಕಿಗಳ ಬಟ್ಟೆ. ಕೂದಲು ಅಂಟಿದ್ರೆ ಯಾರು ಬೈಸ್ಕೊಳ್ಳೋದು? ಎಲ್ಲಾದ್ರೂ ಸೇರಿಸಿಬಿಡಿ," ಎಂದಿದ್ದಳು. ತಮ್ಮನಿಗೆ ಅದು ಗೊತ್ತಿರಲಿಲ್ಲ. ಓನರೇ ಅದನ್ನು ಆಶ್ರಯಧಾಮಕ್ಕೆ ಸಾಗಹಾಕಿದರೆಂದು ನಂಬಿ ಹಾಸಿಗೆಯಲ್ಲೇ ಅವರಿಗೆ ಹಿಡಿಶಾಪ ಹಾಕುತ್ತಿದ್ದ. ಅವಳು ತುಟಿ ಬಿಚ್ಚದೆ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಅವನು, "ಅಕ್ಕಾ, ನಂಗೇನೂ ತರಬೇಡ. ಅದನ್ನ ಮನೆಗೆ ಕರ್ಕೊಂಡು ಬಾ, ಸಾಕು," ಎಂದು ಮುಖ ಗೋಡೆಗೆ ತಿರುಗಿಸಿದಾಗ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ದಾರಿಯಲ್ಲೇ ಪ್ರಾಣಿಗಳ ಡಾಕ್ಟರಮ್ಮನಿಗೆ ತೋರಿಸಿದಳು.

"ಮೂಗು ಕಟ್ಟಿದೆ. ವಾಸನೆ ಗೊತ್ತಾಗದೆ ಬೆಕ್ಕು ಊಟ ಮುಟ್ಟಲ್ಲ," ಎಂದರು ಡಾಕ್ಟರಮ್ಮ. "ಹಾಗಂತ ಉಪವಾಸ ಬಿಟ್ರೆ ಲಿವರ್ ಕೆಡುತ್ತೆ. ನಾಳೆ ಸಂಜೆಯೊಳಗೆ ತಿನ್ನದಿದ್ರೆ ವಾಪಸ್ ಕರ್ಕೊಂಡು ಬನ್ನಿ. ಮುಖ್ಯವಾಗಿ, ಅದರ ಹಿಂದೆ ಬೀಳಬೇಡಿ. ಬಚ್ಚಿಟ್ಕೊಳ್ಳೋಕೆ ಒಂದು ರಟ್ಟಿನ ಪೆಟ್ಟಿಗೆ ಕೊಡಿ, ಸದ್ದು ಮಾಡ್ದೆ ಇರಿ."

ಹಿಂದೆ ಬೀಳದೆ ಇರುವುದು ಟೈಲರಕ್ಕನ ಜಾಯಮಾನವೇ ಅಲ್ಲ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆಯನ್ನು ಖಾಲಿ ಮಾಡಿ, ಪೆಟ್ಟಿಗೆ, ನೀರು, ಮಣ್ಣಿನ ಟ್ರೇ ಎಲ್ಲ ಇಟ್ಟಳು. ಬೆಕ್ಕು ಪೆಟ್ಟಿಗೆ ಬಿಟ್ಟು ಕಪಾಟಿನ ಹಿಂದಿನ ಸಂದಿಗೆ ನುಸುಳಿತು. ಕಾಲು ಗಂಟೆಗೊಮ್ಮೆ ಹೋಗಿ ಬಗ್ಗಿ ನೋಡಿದಳು. ಬೇಯಿಸಿದ ಕೋಳಿ ಇಟ್ಟಳು, ತೆಗೆದಳು, ಮೀನು ಇಟ್ಟಳು. ಹೊಲಿಗೆ ಮಷಿನ್ ಮುಂದೆ ಕೂತು ಪೆಡಲ್ ತುಳಿದರೆ, ಅದರ ಸದ್ದಿಗೆ ಬೆದರಿ ಒಳಗೆ ಏನೋ ಗೋಡೆಗೆ ಬಡಿದ ಸದ್ದು. ಎದ್ದು ಓಡಿದರೆ ಬೆಕ್ಕು ಇನ್ನೂ ಒಳಸಂದಿಗೆ ಸರಿದಿರುತ್ತಿತ್ತು. ಅವತ್ತು ಒಂದು ಕುಪ್ಪಸಕ್ಕೆ ಎರಡೂ ಎಡತೋಳನ್ನೇ ಹೊಲಿದು ಬಿಚ್ಚಿದಳು.

ಮರುದಿನ ಮಧ್ಯಾಹ್ನ ತಮ್ಮನ ಫೋನ್ ಬಂತು.

"ತಿಂತಾ ಇದ್ಯಾ?"

"ತಿಂತಾ ಇದೆ, ತಿಂತಾ ಇದೆ. ತಟ್ಟೆ ನೆಕ್ಕಿ ಇಡುತ್ತೆ," ಎಂದಳು. ಮೀನು ಹಾಗೇ ಒಣಗಿ ತಟ್ಟೆಗೆ ಅಂಟಿಕೊಂಡಿತ್ತು.

"ಫೋನ್ ಅದರ ಹತ್ರ ಹಿಡಿ. ನಾನು ಮಾತಾಡ್ತೀನಿ."

ಅವನ ದನಿ ಕೇಳಿದರೆ ಜೀವ ಬಂದೀತೇನೋ ಎಂದು ಅವಳಿಗೂ ಆಸೆಯಾಯಿತು. ಸ್ಪೀಕರ್ ಹಾಕಿ ಕಪಾಟಿನ ಪಕ್ಕ ಹಿಡಿದಳು. "ಮ್ಯಾನೇಜರೇ, ಏನಪ್ಪಾ, ಆಫೀಸು ಬದಲಾಯ್ತಾ?" ಎಂದ ತಮ್ಮ. ಬೆಕ್ಕು ಸಂದಿಯಿಂದ ಬಾಣದಂತೆ ಹೊರಬಂತು. ಬಾಗಿಲ ಹಿಂದೆ, ಕನ್ನಡಿಯ ಹಿಂದೆ, ಪರದೆಯ ಅಡಿ ಹುಡುಕಿತು. ದನಿಯಿದೆ, ಮನುಷ್ಯನಿಲ್ಲ. ಮಗು ಅತ್ತಂತೆ ಕೂಗುತ್ತ ಬಾಗಿಲನ್ನು ಪರಚತೊಡಗಿತು. ಅವಳು ಗಾಬರಿಯಿಂದ ಫೋನ್ ಕಟ್ ಮಾಡಿದ ಮೇಲೂ ಕೂಗು ನಿಲ್ಲಲಿಲ್ಲ. ಆಮೇಲೆ ಹಳದಿ ನೊರೆ ವಾಂತಿ ಮಾಡಿ, ಟ್ರೇಯೊಳಗೆ ಹೋಗಿ ಕೂತುಬಿಟ್ಟಿತು.

ಸಂಜೆ ಡಾಕ್ಟರಮ್ಮ ಡ್ರಿಪ್ ಹಾಕಿದರು. ಅರೆದ ಊಟವನ್ನು ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಚೂರುಚೂರೇ ಬಿಡುವುದನ್ನು ತೋರಿಸಿಕೊಟ್ಟರು. ಬೆಕ್ಕು ಪ್ರತಿಭಟಿಸಲಿಲ್ಲ. ಯಾರೋ ಏನೋ ಮಾಡಿಕೊಳ್ಳಲಿ ಎಂಬಂತೆ ಕೈಯಲ್ಲಿ ಜೋತುಬಿದ್ದಿತ್ತು. ಪರಚಿದ್ದರೇ ಚೆನ್ನಾಗಿರುತ್ತಿತ್ತು ಎನಿಸಿತು ಟೈಲರಕ್ಕನಿಗೆ.

ಬೆಳಗಾಗುತ್ತಲೇ ತಮ್ಮನಿಗೆ ತಾನೇ ಫೋನ್ ಮಾಡಿದಳು.

"ಸುಳ್ಳು ಹೇಳಿದೆ ಕಣೋ. ಬಂದಾಗಿಂದ ಅದು ತಾನಾಗಿ ಒಂದು ತುತ್ತೂ ತಿಂದಿಲ್ಲ." ಉಸಿರೆಳೆದುಕೊಂಡಳು. "ಇನ್ನೊಂದು. ಅದನ್ನ ಅಲ್ಲಿಗೆ ಸೇರಿಸಿ ಅಂದಿದ್ದು ಓನರ್ ಅಲ್ಲ. ನಾನು."



"ನೀನಾ?" ಎಂದ ತಮ್ಮ. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಟೈಲರಕ್ಕ ಅಂಗಡಿಯ ಬಾಗಿಲಿಗೆ "ಮೂರು ದಿನ ರಜೆ" ಎಂಬ ಚೀಟಿ ಅಂಟಿಸಿದಳು. ಮಷಿನ್ ಮೇಲೆ ಹೊದಿಕೆ ಎಳೆದಳು. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಬಾಗಿಲು ಮುಚ್ಚಿ, ಹಬೆಯ ನಡುವೆ ಬೆಕ್ಕನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹತ್ತು ನಿಮಿಷ ಕೂತಳು. ಅದರ ಮೂಗು ಸಡಿಲವಾಯಿತು, ಅವಳ ಸೀರೆ ತೊಪ್ಪೆಯಾಯಿತು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಕಣ್ಣು ಒರೆಸಿದಳು. ಹೊತ್ತುಹೊತ್ತಿಗೆ ಸಿರಿಂಜಿನಲ್ಲಿ ಉಣಿಸಿದಳು. ಆಮೇಲೆ ಕೈಹೊಲಿಗೆಯ ಕೆಲಸ ತಂದು, ಬೆಕ್ಕಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ತಿರುಗಿ ನೋಡಬಾರದು ಎಂದು ತನಗೆ ತಾನೇ ಆಣೆ ಹಾಕಿಕೊಂಡಳು. ಕತ್ತು ತಾನಾಗಿ ತಿರುಗುತ್ತಿತ್ತು. ತಡೆದುಕೊಳ್ಳಲು ಗುಂಡಿಗಳನ್ನು ಹೊಲಿದಳು. ಸೂಜಿ ಬೆರಳಿಗೆ ಚುಚ್ಚಿತು. ಫೋನ್ ಬಡಿದುಕೊಂಡರೆ ತಮ್ಮನೇ ಇರಬೇಕೆಂದು ಹಾರಿಬೀಳುತ್ತಿದ್ದಳು. ಎಲ್ಲ ಗಿರಾಕಿಗಳೇ.

ಎರಡನೆಯ ದಿನ ಮಧ್ಯಾಹ್ನ ಮೀನನ್ನು ಬಿಸಿ ಮಾಡಿ, ಬೆರಳಲ್ಲಿ ಹಿಸುಕಿ, ತಟ್ಟೆಯನ್ನು ಬೆನ್ನ ಹಿಂದಿಟ್ಟು ಮತ್ತೆ ಹೊಲಿಗೆ ಹಿಡಿದಳು. ಬಹಳ ಹೊತ್ತಾದ ಮೇಲೆ ಪೆಟ್ಟಿಗೆಯಲ್ಲಿ ಸರಪರ ಸದ್ದಾಯಿತು. ಒಂದು ಸೀನು. ಆಮೇಲೆ ಒದ್ದೆ ನಾಲಿಗೆಯ ಲಪಲಪ. ಟೈಲರಕ್ಕ ಉಸಿರು ಬಿಗಿಹಿಡಿದಳು. ಕಣ್ಣೀರು ಗಿರಾಕಿಯ ರೇಷ್ಮೆಯ ಮೇಲೆ ಬಿದ್ದೀತೆಂದು ಬಟ್ಟೆಯನ್ನು ಅತ್ತ ಸರಿಸಿದಳು.

ಹೇಳಿಕೊಳ್ಳಲು ಯಾರೂ ಇರಲಿಲ್ಲ. ವಾರ್ಡಿನ ನರ್ಸಮ್ಮನಿಗೆ ಫೋನ್ ಮಾಡಿದಳು. "ಏಳನೇ ಮಂಚದವನಿಗೆ ಒಂದು ಮಾತು ಹೇಳಿ. ಮ್ಯಾನೇಜರ್ ತಿಂತು ಅಂತ."

ನರ್ಸಮ್ಮ ಹೋಗಿ ಬಂದರು. "ಎಷ್ಟು ತಿಂತು ಅಂತ ಕೇಳ್ತಿದಾರೆ."

"ಮೂರು ಚಮಚ."

ಮತ್ತೆ ಹೋಗಿ ಬಂದರು. "ತಾನಾಗೇ ತಿಂತಾ, ಸಿರಿಂಜಿನಲ್ಲಾ ಅಂತೆ. ನೋಡಿ, ನನಗೆ ಇಂಜೆಕ್ಷನ್ ಕೊಡೋಕಿದೆ. ಅಕ್ಕ ತಮ್ಮ ನೇರ ಮಾತಾಡ್ಕೊಳ್ಳಿ," ಎಂದು ಫೋನನ್ನು ಅವನ ಕೈಗೇ ಕೊಟ್ಟರು.

"ತಾನಾಗೇ ತಿಂತು," ಎಂದಳು ಅಕ್ಕ.

"ಹೂಂ," ಎಂದ ತಮ್ಮ. ಮತ್ತೆ, "ನಂಗೆ ಸಿಟ್ಟು ಇಳಿದಿಲ್ಲ. ನಾಳೆನೂ ಫೋನ್ ಮಾಡು," ಎಂದ.

ಎರಡು ವಾರದ ಮೇಲೆ ಅವನನ್ನು ಆಸ್ಪತ್ರೆಯಿಂದ ಬಿಟ್ಟರು. ಮೂರನೇ ಮಹಡಿಯ ತನ್ನ ಮನೆಗೆ ಹತ್ತಲಾರದೆ, ವಾಕರ್ ಹಿಡಿದು ಅಕ್ಕನ ಮನೆಗೇ ಬಂದ. ಕೆಳಗೆ ಕೂತು ಕೈ ಚಾಚಿ ಕರೆದ. ಅವನ ಮೈಯಲ್ಲಿದ್ದ ಔಷಧಿಯ ವಾಸನೆಗೋ, ವಾಕರ್‌ನ ಟಕಟಕ ಸದ್ದಿಗೋ, ಬೆಕ್ಕು ಬಾಲ ದಪ್ಪ ಮಾಡಿಕೊಂಡು ಕಪಾಟಿನ ಹಿಂದೆ ಸೇರಿತು. ತಮ್ಮನ ಮುಖ ಸಣ್ಣದಾಯಿತು.

"ನನ್ನೇ ಮರೆತುಬಿಡ್ತಾ ಅಕ್ಕಾ?"

"ಹಿಂದೆ ಬೀಳಬೇಡ. ಆ ಕಡೆ ತಿರುಗಿ ಕೂತ್ಕೋ," ಎಂದಳು. ಅವನು ಕೂತ. ಹತ್ತು ಸಲ ಕತ್ತು ತಿರುಗಿಸಿದ, ಹತ್ತು ಸಲವೂ ಬೈದಳು. ಮೂರನೆಯ ದಿನ ಬೆಕ್ಕು ಬಂದು ಅವನ ಹಿಮ್ಮಡಿಯನ್ನು ಮೂಸಿ, ಅದಕ್ಕೇ ಕೆನ್ನೆ ತಿಕ್ಕಿತು. ಅವನು ಅಳುತ್ತಿದ್ದನೋ ನಗುತ್ತಿದ್ದನೋ, ಅವಳು ನೋಡಲು ಹೋಗಲಿಲ್ಲ.

ಮೆಟ್ಟಿಲು ಹತ್ತುವಷ್ಟು ಕಾಲು ಗಟ್ಟಿಯಾದ ಮೇಲೆ ತಮ್ಮ ತನ್ನ ಮನೆಗೆ ಹೋದ. ಬೆಕ್ಕನ್ನು ಒಮ್ಮೆಲೇ ಒಯ್ಯಲಿಲ್ಲ. ಮೊದಲು ಅದು ಮಲಗುತ್ತಿದ್ದ ಬಟ್ಟೆ ಹೋಯಿತು, ವಾರದ ಮೇಲೆ ಬೆಕ್ಕು. ಹೊಸ್ತಿಲು ದಾಟಿದೊಡನೆ ಅದು ಎರಡು ಸಲ ಸೀನಿತು. ಅಕ್ಕ ತಮ್ಮ ಇಬ್ಬರೂ ಕಲ್ಲಾಗಿ ನಿಂತರು. ಅದು ಮಂಚದ ಕೆಳಗೆ ಹೋಯಿತು. ಸಂಜೆ ಹೊರಬಂದು ಊಟ ಮಾಡಿತು.

ಟೈಲರಕ್ಕ ಮನೆಗೆ ಮರಳಿ, ಮರುದಿನ ಪುಟ್ಟ ಕೋಣೆಯನ್ನು ಗುಡಿಸಿದಳು. ಕನ್ನಡಿ ಒರೆಸಿದಳು. ಇನ್ನು ಮಷಿನ್ ಎಷ್ಟು ಬೇಕಾದರೂ ಸದ್ದು ಮಾಡಬಹುದಿತ್ತು. ಅವಳು ಕೂತಳು, ಎದ್ದಳು, ಫೋನ್ ತೆಗೆದುಕೊಂಡಳು.

"ಎಷ್ಟು ಚಮಚ ತಿಂತು?" ಎಂದು ಕೇಳಿದಳು.