ಗುಣಿಸಿದರೆ ಕಡಿಮೆಯಾಗುವ ಲೆಕ್ಕ

ನಾನು ಒಂದು ಕರಿಹಲಗೆ. ಗದಗಿನ ಬಡಗಿಯೊಬ್ಬನ ಅಂಗಳದಲ್ಲಿ ಹುಟ್ಟಿದೆ, ಅಲ್ಲಿಂದ ನೇರ ಶಾಲೆಗೆ ಹೋದೆ. ವರ್ಷಗಟ್ಟಲೆ ಭಿನ್ನರಾಶಿ ಹೊತ್ತು ಬೇಸತ್ತೆ. ಶಾಲೆಗೆ ಹಸಿರು ಹಲಗೆ ಬಂದಾಗ, ನಿವೃತ್ತರಾಗುತ್ತಿದ್ದ ಗಣಿತದ ಟೀಚರ್ ನೀಲಗಂಗಮ್ಮ ನನ್ನನ್ನು ಕೇಳಿ ಪಡೆದು ಮನೆಗೆ ತಂದರು. ಇನ್ನು ಆರಾಮ ಎಂದುಕೊಂಡೆ. ಅದು ನನ್ನ ಹುಚ್ಚು.

ಅವರ ಸೊಸೆ ಸುವರ್ಣಾ ಅಂಗನವಾಡಿಯಲ್ಲಿ ಸಹಾಯಕಿ. ಎಸ್ಸೆಸ್ಸೆಲ್ಸಿ ಗಣಿತ ಪಾಸಾದರೆ ಮಾತ್ರ ಅಲ್ಲಿ ಟೀಚರ್ ಆಗಬಹುದಿತ್ತು. ದಿನಾ ಸಂಜೆ ನನ್ನೆದುರು ಜಗಳ.

"ಅತ್ತಿ, ಗುಣಿಸಿದ್ರ ಹೆಚ್ಚಾಗಬೇಕಲ್ರಿ? ಅರ್ಧಕ್ಕ ಅರ್ಧ ಗುಣಿಸಿದ್ರ ಕಾಲು ಹೆಂಗಾಗತೈತಿ?"

"ಮ್ಯಾಲಿಂದಕ್ಕ ಮ್ಯಾಲಿಂದು, ಕೆಳಗಿಂದಕ್ಕ ಕೆಳಗಿಂದು ಗುಣಿಸು. ಅಷ್ಟ."

"ಯಾಕಂತ ಹೇಳ್ರಿ."

ನೀಲಗಂಗಮ್ಮ ಅದೇ ಸೂತ್ರವನ್ನು ಇನ್ನಷ್ಟು ಜೋರಾಗಿ ಹೇಳುತ್ತಿದ್ದರು. ಒಂದು ಸಂಜೆ ಡಸ್ಟರ್ ನನ್ನ ಎದೆಗೇ ಬಡಿಯಿತು. ತಪ್ಪು ಯಾರದೋ, ಪೆಟ್ಟು ನನಗೆ. ಅತ್ತೆ ಸೊಸೆ ಮಾತು ಬಿಟ್ಟರು.

ಅತ್ತೆಗೆ ಬಿಪಿ ಗುಳಿಗೆ ಕೊಡುವುದು ಸುವರ್ಣಾಳೇ. ಅರ್ಧ ನುಂಗುತ್ತಿದ್ದರು. ಡಾಕ್ಟರು ಅದನ್ನು ಇನ್ನೂ ತಗ್ಗಿಸಿದ್ದರು. ಮರುದಿನ ಅವಳು ಮಾತಿಲ್ಲದೆ ಗುಳಿಗೆ ಮುರಿದು ಕೈಗಿಟ್ಟಳು.

"ಇದೆಷ್ಟು?" ಎಂದರು ಅತ್ತೆ.

"ಕಾಲು. ಅರ್ಧದಾಗ ಅರ್ಧ ಕೊಡು ಅಂದಾರಲ್ರಿ ಡಾಕ್ಟರು."

ನೀಲಗಂಗಮ್ಮ ಲೋಟ ಕೆಳಗಿಟ್ಟು ಅಂಗೈಯ ಚೂರನ್ನು ಕಣ್ಣಿನ ಹತ್ತಿರ ಹಿಡಿದರು. "ಅರ್ಧಕ್ಕ ಅರ್ಧ ಗುಣಿಸೂದು ಅಂದ್ರ ಇದ ನೋಡವಾ. ಇದ್ದದ್ದರಾಗ ಒಂದು ಪಾಲು ತಗೊಳ್ಳೂದು. ಹೆಚ್ಚು ಹೆಂಗಾಗತೈತಿ?"

"ಮೊದಲ ಹೇಳಬಾರದಿತ್ತೇನ್ರಿ?"

"ನನಗೂ ಈಗ ತಿಳೀತು."

ಇಷ್ಟು ವರ್ಷ ನಾನು ಯಾರ ಲೆಕ್ಕ ಹೊತ್ತೆನೋ.

ಪರೀಕ್ಷೆ ಮುಗಿಸಿ ಬಂದವಳನ್ನು ಅತ್ತೆ ಬಾಗಿಲಲ್ಲೇ ತಡೆದು ಪ್ರಶ್ನೆಪತ್ರಿಕೆ ಇಸಿದುಕೊಂಡರು. "ಎರಡು ಭಾಗಿಲೆ ಮೂರು, ಗುಣಿಸು ಮೂರು ಭಾಗಿಲೆ ನಾಲ್ಕು. ಏನು ಬರದಿ?"

"ಆರು ಭಾಗಿಲೆ ಹನ್ನೆರಡು."

"ಸಂಕ್ಷೇಪ ಮಾಡಲಿಲ್ಲ?"

"ಮರತೆ."

ಅತ್ತೆ ಹಣೆ ಹಿಡಿದು ಕುಳಿತರು. ನನಗೂ ಹಣೆಯಿದ್ದರೆ ಹಿಡಿಯುತ್ತಿದ್ದೆ.

ಆದರೂ ಸುವರ್ಣಾ ಪಾಸಾದಳು. ಓಣಿಗೆಲ್ಲ ಸಕ್ಕರೆ ಹಂಚಿ ಬಂದ ನೀಲಗಂಗಮ್ಮ ಚಾಕ್‌ಪೀಸು ಚಾಚಿದರು. "ಛಲೋ ಆತು. ಈಗ ಆ ಲೆಕ್ಕಾ ಮುಗಸು."

ಅವಳು ಆರು ಭಾಗಿಲೆ ಹನ್ನೆರಡು ಎಂದು ಬರೆದು, ಎರಡನ್ನೂ ಹೊಡೆದುಹಾಕಿ, ಅರ್ಧ ಎಂದು ಬರೆದಳು. ಅತ್ತೆ ಪಕ್ಕದಲ್ಲಿ ದೊಡ್ಡದೊಂದು ಸರಿ ಗುರುತು ಹಾಕಿದರು. ಅವರು ನನ್ನ ಮೇಲೆ ಎಳೆದ ಕೊನೆಯ ಗೆರೆ ಅದು.

ಈಗ ನೀಲಗಂಗಮ್ಮ ಇಲ್ಲ. ನಾನು ಪಡಸಾಲೆಯ ಮೂಲೆಯಲ್ಲಿದ್ದೇನೆ. ಸುವರ್ಣಾ ಟೀಚರ್ ಆ ಗುರುತನ್ನು ಮುಟ್ಟದೆ ನನ್ನ ಚೌಕಟ್ಟನ್ನಷ್ಟೇ ಒರೆಸುತ್ತಾಳೆ. ಚಾಕ್‌ಪೀಸಿನ ಪುಡಿಯನ್ನು ಜೀವಮಾನವಿಡೀ ಬೈದುಕೊಂಡೆ. ಈಗ ಕಿಟಕಿಯಿಂದ ಗಾಳಿ ಬೀಸಿದರೂ ಜೀವ ಹಾರುತ್ತದೆ.